ವಿಶ್ವದ ಹಣೆಬರಹದಲ್ಲಿ ಅಳಿಸಿದ ಒಂದು ಅಕ್ಷರ

ಈ ಜಗತ್ತಿಗೆ ಕೊನೆ ಎಂಬುದು ಇದೆಯೇ? ಇದ್ದರೆ ಅದು ಹೇಗೆ ಬಂದೀತು? ಮನುಷ್ಯ ಕೇಳಿಕೊಂಡ ಅತಿ ಹಳೆಯ ಪ್ರಶ್ನೆಗಳಲ್ಲಿ ಇದೂ ಒಂದು. ನಮ್ಮ ಪುರಾಣಗಳು ಇದಕ್ಕೆ ಕಾಲಮಾನದ ಲೆಕ್ಕವನ್ನೇ ಕೊಟ್ಟಿವೆ. ಬ್ರಹ್ಮನ ಒಂದು ಹಗಲೆಂದರೆ 432 ಕೋಟಿ ಮಾನವ ವರ್ಷಗಳು. ಹಗಲು ಮುಗಿದಾಗ ಪ್ರಳಯ, ಅಷ್ಟೇ ದೀರ್ಘವಾದ ರಾತ್ರಿ, ಮತ್ತೆ ಸೃಷ್ಟಿ. ಬೇರೆ ಕೆಲವು ಧರ್ಮಗಳಲ್ಲಿ ಒಂದೇ ಆರಂಭ, ಒಂದೇ ಅಂತಿಮ ದಿನ. ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್‌ನ ಪ್ರಕಾರ ಆಕಾಶಕ್ಕೆ ಹುಟ್ಟೂ ಇಲ್ಲ, ಸಾವೂ ಇಲ್ಲ.

ಇವೆಲ್ಲ ನಂಬಿಕೆ ಮತ್ತು ತರ್ಕದ ಮಾತುಗಳು. ಇಪ್ಪತ್ತನೆಯ ಶತಮಾನದಲ್ಲಿ ಮಾತ್ರ ಈ ಪ್ರಶ್ನೆ ಮೊದಲ ಬಾರಿಗೆ ಅಳತೆಗಾರರ ಕೈಗೆ ಬಂತು. ನಕ್ಷತ್ರಗಳು ಎಷ್ಟು ದೂರದಲ್ಲಿವೆ, ಎಷ್ಟು ವೇಗದಲ್ಲಿ ಚಲಿಸುತ್ತಿವೆ ಎಂಬ ಎರಡು ಲೆಕ್ಕ ಸರಿಯಾಗಿ ಸಿಕ್ಕರೆ ವಿಶ್ವದ ಭವಿಷ್ಯವನ್ನೂ ಹೇಳಬಹುದು ಎಂಬ ಧೈರ್ಯ ವಿಜ್ಞಾನಿಗಳಿಗೆ ಹುಟ್ಟಿತು. ಆ ಲೆಕ್ಕದ ನೂರು ವರ್ಷಗಳ ಇತಿಹಾಸದ ಉದ್ದಕ್ಕೂ ಒಂದು ಗ್ರೀಕ್ ಅಕ್ಷರ ಕಾಣಿಸಿಕೊಳ್ಳುತ್ತದೆ. ಅದನ್ನು ಬರೆದವರು ಆಲ್ಬರ್ಟ್ ಐನ್‌ಸ್ಟೀನ್. ಅಳಿಸಿದವರೂ ಅವರೇ. ಅವರು ಕಾಲವಾಗಿ ನಾಲ್ಕು ದಶಕಗಳು ಕಳೆದ ಮೇಲೆ ಅದು ಯಾರೂ ನಿರೀಕ್ಷಿಸದ ರೀತಿಯಲ್ಲಿ ಮರಳಿ ಬಂತು. ವಿಶ್ವದ ಹಣೆಬರಹ ಈಗ ಆ ಒಂದು ಅಕ್ಷರದ ಮೇಲೆ ನಿಂತಿದೆ.

ನಿಂತಲ್ಲೇ ನಿಂತ ವಿಶ್ವ

ಐನ್‌ಸ್ಟೀನ್ 1915ರ ನವೆಂಬರ್‌ನಲ್ಲಿ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತದ ಸಮೀಕರಣಗಳನ್ನು ಪೂರ್ಣಗೊಳಿಸಿದರು. 1917ರಲ್ಲಿ ಅವನ್ನು ಇಡೀ ವಿಶ್ವಕ್ಕೆ ಅನ್ವಯಿಸಲು ಹೊರಟಾಗ ಒಂದು ತೊಡಕು ಎದುರಾಯಿತು. ಗುರುತ್ವಾಕರ್ಷಣೆ ಎಲ್ಲವನ್ನೂ ಒಳಕ್ಕೆ ಸೆಳೆಯುತ್ತದೆ. ಹಾಗಿರುವಾಗ ವಿಶ್ವ ನಿಂತಲ್ಲಿ ನಿಂತಿರುವುದು ಸಾಧ್ಯವಿಲ್ಲ. ಅದು ಒಳಕ್ಕೆ ಕುಸಿಯಬೇಕು. ಆದರೆ ಆಗ ಖಗೋಳಜ್ಞರು ಕಂಡಿದ್ದ ಆಕಾಶದಲ್ಲಿ ಅಂಥ ಯಾವ ಕುಸಿತದ ಲಕ್ಷಣವೂ ಇರಲಿಲ್ಲ. ಆಕಾಶಗಂಗೆಯೇ ಇಡೀ ವಿಶ್ವ, ಅದು ಸದಾ ಹೀಗೇ ಇರುತ್ತದೆ ಎಂಬುದು ಆ ಕಾಲದ ಸಾಮಾನ್ಯ ತಿಳಿವಳಿಕೆ.

ತೊಡಕಿನಿಂದ ಪಾರಾಗಲು ಐನ್‌ಸ್ಟೀನ್ ತಮ್ಮ ಸಮೀಕರಣಕ್ಕೆ ಒಂದು ಪದವನ್ನು ಸೇರಿಸಿದರು. ಅದರ ಗುರುತು ‘ಲ್ಯಾಂಬ್ಡಾ’ ಎಂಬ ಗ್ರೀಕ್ ಅಕ್ಷರ. ವಿಶ್ವಸ್ಥಿರಾಂಕ ಎಂದು ಇದನ್ನು ಕರೆಯುತ್ತಾರೆ. ಖಾಲಿ ಜಾಗಕ್ಕೇ ಹೊರಕ್ಕೆ ತಳ್ಳುವ ಒಂದು ಗುಣವಿದೆ ಎಂದು ಇದರ ಅರ್ಥ. ಒಳಗೆಳೆತ ಮತ್ತು ಹೊರತಳ್ಳುವಿಕೆ ಸಮಸಮವಾದಾಗ ವಿಶ್ವ ನಿಶ್ಚಲವಾಗಿ ನಿಲ್ಲುತ್ತದೆ. ಈ ಪದಕ್ಕೆ ಯಾವ ವೀಕ್ಷಣೆಯ ಆಧಾರವೂ ಇರಲಿಲ್ಲ. ಬೀಳುವ ಗೋಡೆಗೆ ಊರುಗೋಲು ಕೊಟ್ಟಂತೆ ಅದನ್ನು ಕೊಡಲಾಗಿತ್ತು.

ಗಂಟೆಗೆ 30 ಸೆಂಟ್

ಅದೇ ವೇಳೆಗೆ ಅಮೆರಿಕದ ವೀಕ್ಷಣಾಲಯಗಳಲ್ಲಿ ಬೇರೆಯೇ ಕೆಲಸ ನಡೆದಿತ್ತು. ಹಾರ್ವರ್ಡ್ ಕಾಲೇಜಿನ ವೀಕ್ಷಣಾಲಯದಲ್ಲಿ ಆಕಾಶದ ಛಾಯಾಚಿತ್ರಗಳ ಗಾಜಿನ ಫಲಕಗಳನ್ನು ಪರಿಶೀಲಿಸಿ ಲೆಕ್ಕ ಬರೆಯಲು ಮಹಿಳೆಯರನ್ನು ನೇಮಿಸಿಕೊಂಡಿದ್ದರು. ಅವರಲ್ಲಿ ಹೆನ್ರಿಯೆಟಾ ಲೆವಿಟ್ ಒಬ್ಬರು. ಕಿವಿ ಸರಿಯಾಗಿ ಕೇಳಿಸದ ಈ ಮಹಿಳೆಗೆ ಸಿಗುತ್ತಿದ್ದ ಸಂಬಳ ಗಂಟೆಗೆ 30 ಸೆಂಟ್.

ಸೆಫೀಡ್ ಎಂಬ ಒಂದು ಬಗೆಯ ನಕ್ಷತ್ರಗಳು ನಿಯಮಿತವಾಗಿ ಹೊಳಪು ಏರಿಸಿ ಇಳಿಸುತ್ತ ಮಿಡಿಯುತ್ತವೆ. ದಕ್ಷಿಣದ ಆಕಾಶದಲ್ಲಿ ಕಾಣುವ ಕಿರಿಯ ಮೆಗಲಾನ್ ಮೋಡದಲ್ಲಿನ ಇಂಥ 25 ನಕ್ಷತ್ರಗಳನ್ನು ಹೋಲಿಸಿ ಲೆವಿಟ್ 1912ರಲ್ಲಿ ಒಂದು ನಿಯಮವನ್ನು ಮುಂದಿಟ್ಟರು. ನಕ್ಷತ್ರ ಹೆಚ್ಚು ಪ್ರಕಾಶಮಾನವಾಗಿದ್ದಷ್ಟೂ ಅದರ ಮಿಡಿತ ನಿಧಾನ.

ಮೇಲ್ನೋಟಕ್ಕೆ ಸಣ್ಣದೆನಿಸುವ ಈ ನಿಯಮ ಖಗೋಳಜ್ಞರ ಕೈಗೆ ಅಳತೆಗೋಲನ್ನೇ ಕೊಟ್ಟಿತು. ರಾತ್ರಿ ಹೊತ್ತು ದೂರದ ಬೀದಿ ದೀಪವೊಂದು ಮಂಕಾಗಿ ಕಂಡರೆ ಅದು ದೂರವಿದೆಯೋ ಅಥವಾ ಬಲ್ಬೇ ಚಿಕ್ಕದೋ ಹೇಳಲಾಗದು. ಬಲ್ಬು ಇಷ್ಟೇ ವ್ಯಾಟಿನದೆಂದು ಗೊತ್ತಿದ್ದರೆ ಮಂಕುತನದಿಂದಲೇ ದೂರವನ್ನು ಲೆಕ್ಕ ಹಾಕಬಹುದು. ಮಿಡಿತದ ಅವಧಿ ಸೆಫೀಡ್ ನಕ್ಷತ್ರದ ವ್ಯಾಟನ್ನು ಹೇಳಿಬಿಡುತ್ತದೆ. ಲೆವಿಟ್ 1921ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಇದು ತಿಳಿಯದೆ, ಕೆಲವು ವರ್ಷಗಳ ನಂತರ ಸ್ವೀಡನ್ನಿನ ಗಣಿತಜ್ಞ ಮಿಟಾಗ್-ಲೆಫ್ಲರ್ ಅವರನ್ನು ನೊಬೆಲ್ ಪ್ರಶಸ್ತಿಗೆ ಸೂಚಿಸುವ ಇಚ್ಛೆಯಿಂದ ಪತ್ರ ಬರೆದಿದ್ದರು.

ದೂರಕ್ಕೆ ಲೆವಿಟ್ ದಾರಿ ಮಾಡಿದರೆ ವೇಗಕ್ಕೆ ದಾರಿ ಮಾಡಿದವರು ವೆಸ್ಟೊ ಸ್ಲೈಫರ್. ರೈಲು ನಮ್ಮತ್ತ ಬರುವಾಗ ಅದರ ಸೀಟಿ ಕೀರಲಾಗಿಯೂ ದೂರ ಸರಿಯುವಾಗ ದಪ್ಪನಾಗಿಯೂ ಕೇಳಿಸುವುದು ಎಲ್ಲರ ಅನುಭವ. ಬೆಳಕಿನದೂ ಇದೇ ಕಥೆ. ಹತ್ತಿರ ಬರುವ ವಸ್ತುವಿನ ರೋಹಿತದ ರೇಖೆಗಳು ನೀಲಿಯತ್ತ ಸರಿದರೆ, ದೂರ ಹೋಗುವ ವಸ್ತುವಿನವು ಕೆಂಪಿನತ್ತ ಸರಿಯುತ್ತವೆ. ಅರಿಜೋನಾದ ಲೊವೆಲ್ ವೀಕ್ಷಣಾಲಯದಲ್ಲಿ ಸ್ಲೈಫರ್ ಸುರುಳಿಯಾಕಾರದ ‘ನೀಹಾರಿಕೆ’ಗಳ ರೋಹಿತಗಳನ್ನು ವರ್ಷಗಟ್ಟಲೆ ಸೆರೆಹಿಡಿದರು. 1917ರ ವೇಳೆಗೆ ಅವರು ಅಳೆದ 25 ನೀಹಾರಿಕೆಗಳಲ್ಲಿ 21 ನಮ್ಮಿಂದ ದೂರ ಓಡುತ್ತಿದ್ದವು. ಐನ್‌ಸ್ಟೀನ್ ಬರ್ಲಿನ್‌ನಲ್ಲಿ ವಿಶ್ವವನ್ನು ನಿಲ್ಲಿಸಲು ಲ್ಯಾಂಬ್ಡಾ ಬರೆದ ವರ್ಷವೂ ಅದೇ.

ಹೇಸರಗತ್ತೆ ಹೊಡೆಯುತ್ತಿದ್ದವನ ಕೈಚಳಕ

ಈ ಎರಡು ದಾರಿಗಳು ಕೂಡಿದ್ದು ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಬೆಟ್ಟದ ಮೇಲೆ. ಅಲ್ಲಿದ್ದ 100 ಅಂಗುಲದ ದೂರದರ್ಶಕ ಆಗ ಪ್ರಪಂಚದಲ್ಲೇ ದೊಡ್ಡದು. 1923ರ ಅಕ್ಟೋಬರ್‌ನಲ್ಲಿ ಎಡ್ವಿನ್ ಹಬಲ್ ಆಂಡ್ರೊಮೀಡಾ ನೀಹಾರಿಕೆಯಲ್ಲಿ ಒಂದು ಸೆಫೀಡ್ ನಕ್ಷತ್ರವನ್ನು ಗುರುತಿಸಿದರು. ಸುಮಾರು 31 ದಿನಕ್ಕೊಮ್ಮೆ ಮಿಡಿಯುವ ನಕ್ಷತ್ರ ಅದು. ಲೆವಿಟ್ ನಿಯಮದಂತೆ ಲೆಕ್ಕ ಹಾಕಿದಾಗ ಬಂದ ದೂರ ಸುಮಾರು 9 ಲಕ್ಷ ಜ್ಯೋತಿರ್ವರ್ಷ. ಆಕಾಶಗಂಗೆಯ ಅಡ್ಡಳತೆ 3 ಲಕ್ಷ ಜ್ಯೋತಿರ್ವರ್ಷ ಎಂಬುದೇ ಆಗ ಅತಿ ದೊಡ್ಡ ಅಂದಾಜು. ಅಂದರೆ ಆಂಡ್ರೊಮೀಡಾ ನಮ್ಮ ಆಕಾಶಗಂಗೆಯ ಒಳಗಿನ ಮೋಡವಲ್ಲ, ಹೊರಗಿನ ಇನ್ನೊಂದು ನಕ್ಷತ್ರಲೋಕ, ಇನ್ನೊಂದು ಗೆಲಾಕ್ಸಿ. 1925ರ ಜನವರಿ 1ರಂದು ವಾಷಿಂಗ್‌ಟನ್‌ನ ಸಭೆಯೊಂದರಲ್ಲಿ ಹಬಲ್ ಅವರ ಪ್ರಬಂಧವನ್ನು ಓದಲಾಯಿತು. ಅಲ್ಲಿಯವರೆಗೆ ಇಡೀ ವಿಶ್ವವೆನಿಸಿಕೊಂಡಿದ್ದ ಆಕಾಶಗಂಗೆ ಅಂದಿನಿಂದ ಅಸಂಖ್ಯಾತ ಗೆಲಾಕ್ಸಿಗಳಲ್ಲಿ ಒಂದಾಯಿತು.

ಹಬಲ್ ಅವರಿಗೆ ನೆರವಾದ ಮಿಲ್ಟನ್ ಹ್ಯೂಮಸನ್ ಅವರ ಕಥೆ ಇನ್ನೂ ಸ್ವಾರಸ್ಯಕರ. ಎಂಟನೆಯ ತರಗತಿಯ ನಂತರ ಶಾಲೆ ಬಿಟ್ಟಿದ್ದ ಅವರು ವೀಕ್ಷಣಾಲಯ ಕಟ್ಟುವಾಗ ಬೆಟ್ಟಕ್ಕೆ ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುತ್ತಿದ್ದರು. ಆಮೇಲೆ ಅಲ್ಲೇ ಜವಾನರಾಗಿ ಸೇರಿ, ರಾತ್ರಿ ಸಹಾಯಕರಾಗಿ ಬಡ್ತಿ ಪಡೆದು, ಮಂಕು ಗೆಲಾಕ್ಸಿಗಳ ರೋಹಿತ ಹಿಡಿಯುವುದರಲ್ಲಿ ಸಾಟಿಯಿಲ್ಲದವರೆನಿಸಿದರು. ಒಂದೊಂದು ರೋಹಿತಕ್ಕೂ ಕೊರೆಯುವ ಚಳಿಯಲ್ಲಿ ರಾತ್ರಿಗಟ್ಟಲೆ ದೂರದರ್ಶಕವನ್ನು ಕದಲದಂತೆ ನಡೆಸಬೇಕಿತ್ತು.

1929ರಲ್ಲಿ ಹಬಲ್ ಪ್ರಕಟಿಸಿದ ಫಲಿತಾಂಶ ಸರಳ: ಗೆಲಾಕ್ಸಿ ಎಷ್ಟು ದೂರವೋ ಅದು ದೂರ ಸರಿಯುವ ವೇಗವೂ ಅಷ್ಟು ಹೆಚ್ಚು. ದೂರ ಎರಡು ಪಟ್ಟಾದರೆ ವೇಗವೂ ಎರಡು ಪಟ್ಟು. ಎರಡು ವರ್ಷಗಳ ನಂತರ ಹಬಲ್ ಮತ್ತು ಹ್ಯೂಮಸನ್ ಕೂಡಿ ಪ್ರಕಟಿಸಿದ ಪಟ್ಟಿಯಲ್ಲಿ ಸೆಕೆಂಡಿಗೆ ಸುಮಾರು 20,000 ಕಿ.ಮೀ. ವೇಗದ ಗೆಲಾಕ್ಸಿಗಳೂ ಇದ್ದವು.

ಹಾಗೆಂದು ನಮ್ಮ ಆಕಾಶಗಂಗೆ ವಿಶ್ವದ ಕೇಂದ್ರವೇನಲ್ಲ. ಒಣದ್ರಾಕ್ಷಿ ಹಾಕಿ ಕಲಸಿದ ಬನ್ನಿನ ಹಿಟ್ಟು ಉಬ್ಬುವಾಗ ಯಾವ ದ್ರಾಕ್ಷಿಯ ಮೇಲೆ ಕುಳಿತು ನೋಡಿದರೂ ಉಳಿದ ದ್ರಾಕ್ಷಿಗಳೆಲ್ಲ ದೂರ ಸರಿಯುತ್ತಿರುತ್ತವೆ. ದೂರದ್ದು ಹೆಚ್ಚು ಬೇಗ ಸರಿಯುತ್ತದೆ. ಗೆಲಾಕ್ಸಿಗಳು ಖಾಲಿ ಜಾಗದಲ್ಲಿ ಓಡುತ್ತಿಲ್ಲ. ಅವುಗಳ ನಡುವಣ ಜಾಗವೇ ಹಿಗ್ಗುತ್ತಿದೆ.

ಅಕ್ಷರ ಅಳಿಸಿದ್ದು

ಗಣಿತ ಇದನ್ನು ಮೊದಲೇ ಹೇಳಿತ್ತು. ರಷ್ಯದ ಅಲೆಕ್ಸಾಂಡರ್ ಫ್ರೀಡ್‌ಮನ್ 1922ರಲ್ಲೇ ಐನ್‌ಸ್ಟೀನ್ ಸಮೀಕರಣಗಳ ಪ್ರಕಾರ ವಿಶ್ವ ಹಿಗ್ಗಬಹುದು, ಹಿಗ್ಗಿ ಮತ್ತೆ ಕುಗ್ಗಲೂಬಹುದು ಎಂದು ತೋರಿಸಿದ್ದರು. ಇಂಥ ಒಂದು ಆವರ್ತಕ್ಕೆ 1000 ಕೋಟಿ ವರ್ಷ ಹಿಡಿಯಬಹುದೆಂದು ಉದಾಹರಣೆಯ ಲೆಕ್ಕವನ್ನೂ ಕೊಟ್ಟಿದ್ದರು. ವಿಶ್ವದ ಅಂತ್ಯ ಪುರಾಣದಿಂದ ಸಮೀಕರಣಕ್ಕೆ ಬಂದದ್ದು ಅಲ್ಲಿ. ಐನ್‌ಸ್ಟೀನ್ ಮೊದಲು ಆ ಲೆಕ್ಕವೇ ತಪ್ಪೆಂದರು. ಮರುವರ್ಷ ಲೆಕ್ಕ ಸರಿಯೆಂದು ಒಪ್ಪಿಕೊಂಡರು. ಆದರೆ ನಿಜವಾದ ವಿಶ್ವ ಹಾಗಿದ್ದೀತೆಂದು ಅವರಿಗೆ ಅನ್ನಿಸಲಿಲ್ಲ. 1925ರಲ್ಲಿ ಟೈಫಾಯ್ಡ್‌ಗೆ ಬಲಿಯಾದಾಗ ಫ್ರೀಡ್‌ಮನ್‌ಗೆ 37 ವರ್ಷ.

ಬೆಲ್ಜಿಯಂನ ಪಾದ್ರಿ ಹಾಗೂ ಗಣಿತಜ್ಞ ಜಾರ್ಜ್ ಲಮೇತ್ರ್ 1927ರಲ್ಲಿ ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದರು. ಹಬಲ್‌ಗಿಂತ ಎರಡು ವರ್ಷ ಮೊದಲೇ ದೂರ ಮತ್ತು ವೇಗದ ನಂಟನ್ನೂ ಹೇಳಿದ್ದರು. ಆದರೆ ಆ ಲೇಖನ ಹೆಚ್ಚು ಜನ ಓದದ ಬೆಲ್ಜಿಯಂ ಪತ್ರಿಕೆಯೊಂದರಲ್ಲಿ ಫ್ರೆಂಚ್ ಭಾಷೆಯಲ್ಲಿ ಅಚ್ಚಾಗಿತ್ತು. ಅದೇ ವರ್ಷ ಬ್ರಸೆಲ್ಸ್‌ನಲ್ಲಿ ಭೇಟಿಯಾದ ಐನ್‌ಸ್ಟೀನ್ ಅವರ ಗಣಿತವನ್ನು ಒಪ್ಪಿದರೂ ಭೌತವಿಜ್ಞಾನವನ್ನು ಒಪ್ಪಲಿಲ್ಲ. ಹಬಲ್ ನಿಯಮವನ್ನು ‘ಹಬಲ್-ಲಮೇತ್ರ್ ನಿಯಮ’ ಎಂದು ಕರೆಯಬೇಕೆಂದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಶಿಫಾರಸು ಮಾಡಿದ್ದು 2018ರಲ್ಲಿ.

1930ರಲ್ಲಿ ಇಂಗ್ಲೆಂಡಿನ ಆರ್ಥರ್ ಎಡಿಂಗ್‌ಟನ್ ಇನ್ನೊಂದು ದೋಷವನ್ನು ಎತ್ತಿ ತೋರಿಸಿದರು. ಲ್ಯಾಂಬ್ಡಾದ ಊರುಗೋಲು ಕೊಟ್ಟರೂ ನಿಶ್ಚಲ ವಿಶ್ವ ಮೊನೆಯ ಮೇಲೆ ನಿಲ್ಲಿಸಿದ ಪೆನ್ಸಿಲಿನಂತೆ. ತುಸು ಅಲುಗಿದರೂ ಒಂದು ಕಡೆಗೆ ವಾಲಲೇಬೇಕು. 1931ರ ಆರಂಭದಲ್ಲಿ ಐನ್‌ಸ್ಟೀನ್ ಮೌಂಟ್ ವಿಲ್ಸನ್‌ಗೆ ಭೇಟಿ ಕೊಟ್ಟು ಅಲ್ಲಿನ ಖಗೋಳಜ್ಞರೊಂದಿಗೆ ಚರ್ಚಿಸಿದರು. ಅದೇ ವರ್ಷ ತಮ್ಮ ಸಮೀಕರಣದಿಂದ ಲ್ಯಾಂಬ್ಡಾವನ್ನು ತೆಗೆದುಹಾಕಿದರು. ಅದನ್ನು ತಮ್ಮ ಬದುಕಿನ ದೊಡ್ಡ ಪ್ರಮಾದವೆಂದು ಐನ್‌ಸ್ಟೀನ್ ಹೇಳಿಕೊಂಡಿದ್ದರೆಂದು ಭೌತವಿಜ್ಞಾನಿ ಜಾರ್ಜ್ ಗ್ಯಾಮೊ ಮುಂದೆ ಬರೆದರು.

ಭೂಮಿಗಿಂತ ಕಿರಿಯ ವಿಶ್ವ

ಹಿಗ್ಗುವ ವಿಶ್ವವನ್ನು ಹಿಂದಕ್ಕೆ ಓಡಿಸಿ ನೋಡಿದರೆ ಎಲ್ಲವೂ ಒಂದೆಡೆ ಕೂಡಿದ್ದ ಕಾಲ ಸಿಗಬೇಕು. ಹಬಲ್ ಅವರ ಅಳತೆಯಂತೆ ಅದು ಸುಮಾರು 200 ಕೋಟಿ ವರ್ಷಗಳ ಹಿಂದೆ. ಆದರೆ ಭೂಮಿಯ ಬಂಡೆಗಳೇ ಅದಕ್ಕಿಂತ ಹಳೆಯವೆಂದು ಭೂವಿಜ್ಞಾನಿಗಳು ಹೇಳತೊಡಗಿದ್ದರು. ತಾಯಿಗಿಂತ ಮಗಳಿಗೆ ವಯಸ್ಸು ಹೆಚ್ಚಾದಂತಾಯಿತು ಇದು.

ಗಂಟು ಬಿಡಿಸಲು ನೆರವಾದದ್ದು ಎರಡನೆಯ ಮಹಾಯುದ್ಧ. ಜರ್ಮನಿಯಲ್ಲಿ ಹುಟ್ಟಿದ ವಾಲ್ಟರ್ ಬಾಡೆ ಅವರನ್ನು ಅಮೆರಿಕ ಯುದ್ಧಕಾರ್ಯಕ್ಕೆ ಸೇರಿಸಿಕೊಳ್ಳಲಿಲ್ಲ. ಸಹೋದ್ಯೋಗಿಗಳೆಲ್ಲ ಬೇರೆಡೆ ಹೋಗಿದ್ದರಿಂದ ದೊಡ್ಡ ದೂರದರ್ಶಕ ಅವರ ಪಾಲಿಗೇ ಉಳಿಯಿತು. ವೈಮಾನಿಕ ದಾಳಿಯ ಭಯದಿಂದ ಲಾಸ್ ಏಂಜಲೀಸ್ ನಗರದ ದೀಪಗಳನ್ನು ಆರಿಸಿದ್ದರಿಂದ ಆಕಾಶವೂ ಕಪ್ಪಾಗಿತ್ತು. ಆ ಕತ್ತಲೆಯಲ್ಲಿ ಬಾಡೆ ಆಂಡ್ರೊಮೀಡಾದ ಒಳಭಾಗದ ನಕ್ಷತ್ರಗಳನ್ನು ಬಿಡಿಬಿಡಿಯಾಗಿ ಹಿಡಿದು ನಕ್ಷತ್ರಗಳಲ್ಲಿ ಎರಡು ಪೀಳಿಗೆಗಳಿವೆ ಎಂದು ಕಂಡುಕೊಂಡರು. ಈ ಅಧ್ಯಯನ ಮುಂದುವರಿದು ಸೆಫೀಡ್‌ಗಳಲ್ಲೂ ಎರಡು ಬಗೆ ಇರುವುದು ತಿಳಿಯಿತು. ಹಳೆಯ ಅಳತೆಗಾರರು ಎರಡನ್ನೂ ಒಂದೆಂದು ಎಣಿಸಿದ್ದರು. 1952ರಲ್ಲಿ ಬಾಡೆ ಇದನ್ನು ಪ್ರಕಟಿಸಿದಾಗ ಗೆಲಾಕ್ಸಿಗಳ ದೂರವೆಲ್ಲ ಒಮ್ಮೆಲೇ ಎರಡು ಪಟ್ಟಾಯಿತು, ವಿಶ್ವದ ವಯಸ್ಸೂ ಎರಡು ಪಟ್ಟಾಯಿತು. ಆಮೇಲಿನ ತಿದ್ದುಪಡಿಗಳೆಲ್ಲ ಸೇರಿ ಇಂದು ಒಪ್ಪಿತವಾಗಿರುವ ವಯಸ್ಸು ಸುಮಾರು 1380 ಕೋಟಿ ವರ್ಷ. ಆಂಡ್ರೊಮೀಡಾ ಇರುವುದು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ. ಮಳೆಗಾಲ ಕಳೆದ ಮೇಲೆ ಚಂದ್ರನಿಲ್ಲದ ರಾತ್ರಿ, ಊರ ದೀಪಗಳಿಂದ ದೂರ ಹೋದರೆ ಅದನ್ನು ಬರಿಗಣ್ಣಿನಲ್ಲೇ ಮಸುಕಾದ ಚುಕ್ಕೆಯಂತೆ ನೋಡಬಹುದು.

ವಯಸ್ಸಿನ ಗೊಂದಲ ಇನ್ನೂ ಉಳಿದಿದ್ದ 1948ರಲ್ಲಿ ಫ್ರೆಡ್ ಹಾಯ್ಲ್, ಹರ್ಮನ್ ಬಾಂಡಿ ಮತ್ತು ಥಾಮಸ್ ಗೋಲ್ಡ್ ಬೇರೊಂದು ದಾರಿ ಹಿಡಿದಿದ್ದರು. ವಿಶ್ವ ಹಿಗ್ಗುತ್ತಿರುವುದು ನಿಜ, ಆದರೆ ತೆರವಾದ ಜಾಗದಲ್ಲಿ ಹೊಸ ದ್ರವ್ಯ ಹುಟ್ಟುತ್ತಲೇ ಇರುತ್ತದೆ, ಹಾಗಾಗಿ ವಿಶ್ವಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ ಎಂಬುದು ಅವರ ವಾದ. ಇದು ‘ಸ್ಥಿರಸ್ಥಿತಿ’ ಸಿದ್ಧಾಂತ. ಎದುರಾಳಿ ಸಿದ್ಧಾಂತಕ್ಕೆ ‘ಬಿಗ್ ಬ್ಯಾಂಗ್’ ಎಂಬ ಹೆಸರು ಬಂದದ್ದೂ 1949ರಲ್ಲಿ ಬಿಬಿಸಿ ರೇಡಿಯೋದಲ್ಲಿ ಹಾಯ್ಲ್ ಆಡಿದ ಮಾತಿನಿಂದ. ಕೇಂಬ್ರಿಜ್‌ನಲ್ಲಿ ಹಾಯ್ಲ್ ಅವರ ಶಿಷ್ಯರಾಗಿದ್ದ ಜಯಂತ ನಾರ್ಲೀಕರ್ ಗುರುವಿನೊಡನೆ ಸೇರಿ 1964ರಲ್ಲಿ ಗುರುತ್ವಾಕರ್ಷಣೆಯ ಹೊಸ ಸಿದ್ಧಾಂತವೊಂದನ್ನು ಮಂಡಿಸಿದರು. ಮುಂದೆ ಪುಣೆಯಲ್ಲಿ ಖಗೋಳ ಸಂಶೋಧನೆಯ ದೊಡ್ಡ ಕೇಂದ್ರವನ್ನೇ ಕಟ್ಟಿದ ನಾರ್ಲೀಕರ್, 2025ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೂ ಮಹಾಸ್ಫೋಟದ ಬಗ್ಗೆ ತಮ್ಮ ಸಂದೇಹವನ್ನು ಬಿಟ್ಟುಕೊಡಲಿಲ್ಲ.

ಬಹುಪಾಲು ವಿಜ್ಞಾನಿಗಳ ಮಟ್ಟಿಗೆ ವಾದ ಮುಗಿದದ್ದು 1965ರಲ್ಲಿ. ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದ ಆರ್ನೊ ಪೆನ್ಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಅವರ ಆಂಟೆನಾದಲ್ಲಿ ಎತ್ತ ತಿರುಗಿಸಿದರೂ ಒಂದೇ ಸಮನೆ ಒಂದು ಗೊರಗೊರ ಕೇಳುತ್ತಿತ್ತು. ಆಂಟೆನಾದೊಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ, ಹಿಕ್ಕೆ ತೊಳೆದರೂ ಅದು ನಿಲ್ಲಲಿಲ್ಲ. ಅದು ವಿಶ್ವದ ಆರಂಭದ ಬಿಸಿಯ ಉಳಿಕೆ ಎಂದು ಆಮೇಲೆ ತಿಳಿಯಿತು. ಹಳೆಯ ಟಿ.ವಿ. ಸೆಟ್ಟುಗಳಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಕಾಣುತ್ತಿದ್ದ ಚುಕ್ಕೆಗಳ ಮಳೆಯಲ್ಲೂ ಇದರ ಸಣ್ಣ ಪಾಲು ಇರುತ್ತಿತ್ತು. ವಿಶ್ವಕ್ಕೆ ಒಂದು ಆರಂಭ ಇತ್ತೆಂದಾಯಿತು. ಇನ್ನು ಅಂತ್ಯದ ಪ್ರಶ್ನೆ.

ಮೇಲಕ್ಕೆಸೆದ ಕಲ್ಲು

ಕಲ್ಲನ್ನು ಮೇಲಕ್ಕೆಸೆದರೆ ಅದರ ವೇಗ ಕುಗ್ಗುತ್ತ ಹೋಗಿ ಕೊನೆಗೆ ಕೆಳಗೆ ಬೀಳುತ್ತದೆ. ಸಾಕಷ್ಟು ವೇಗದಲ್ಲಿ ಹಾರಿಸಿದ ರಾಕೆಟ್ ಮಾತ್ರ ಮರಳುವುದಿಲ್ಲ. ವಿಶ್ವ ಕಲ್ಲಿನ ಜಾತಿಯೋ ರಾಕೆಟ್ಟಿನ ಜಾತಿಯೋ ಎಂಬುದು ಅದರಲ್ಲಿರುವ ದ್ರವ್ಯದ ಸಾಂದ್ರತೆಯನ್ನು ಅವಲಂಬಿಸಿದೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದರು. ಸರಾಸರಿ ಒಂದು ಘನ ಮೀಟರಿಗೆ ಐದಾರು ಹೈಡ್ರೋಜನ್ ಪರಮಾಣುಗಳ ತೂಕ, ಅದೇ ಗಡಿರೇಖೆ. ಅದಕ್ಕಿಂತ ಹೆಚ್ಚಿದ್ದರೆ ಹಿಗ್ಗುವಿಕೆ ಒಂದು ದಿನ ನಿಂತು, ಎಲ್ಲವೂ ಮರಳಿ ಕುಸಿದು ಬೆಂಕಿಯುಂಡೆಯಾಗುತ್ತದೆ. ಕಡಿಮೆಯಿದ್ದರೆ ವಿಶ್ವ ಎಂದೆಂದಿಗೂ ಹಿಗ್ಗುತ್ತ ತಣ್ಣಗಾಗುತ್ತದೆ.

ಅಂಥ ತಣ್ಣನೆಯ ವಿಶ್ವದಲ್ಲಿ ಮುಂದೇನಾದೀತು ಎಂದು ಗಂಭೀರವಾಗಿ ಲೆಕ್ಕ ಹಾಕಿದ ಮೊದಲಿಗರಲ್ಲಿ ನೆರೆಯ ಬಾಂಗ್ಲಾದೇಶದ ಜಮಾಲ್ ನಜ್ರುಲ್ ಇಸ್ಲಾಂ ಒಬ್ಬರು. 1977ರಲ್ಲಿ ಅವರು ಈ ಬಗ್ಗೆ ಪ್ರಬಂಧ ಪ್ರಕಟಿಸಿದರು, 1983ರಲ್ಲಿ ಪುಸ್ತಕ ಬರೆದರು. ಮರುವರ್ಷ ವಿದೇಶದ ಹುದ್ದೆ ಬಿಟ್ಟು ಚಿತ್ತಗಾಂಗ್‌ಗೆ ಮರಳಿದರು. ಇಸ್ಲಾಂ ಅವರ ಪ್ರಬಂಧವನ್ನು ಓದಿದ ಪ್ರಿನ್ಸ್‌ಟನ್‌ನ ಫ್ರೀಮನ್ ಡೈಸನ್ 1979ರಲ್ಲಿ ಇನ್ನೂ ದಿಟ್ಟವಾದ ಪ್ರಶ್ನೆ ಎತ್ತಿದರು: ನಕ್ಷತ್ರಗಳೆಲ್ಲ ಆರಿಹೋದ ಮೇಲೂ ಜೀವ ಬದುಕಬಲ್ಲದೆ? ಬದುಕಬಲ್ಲದು ಎಂಬುದು ಅವರ ಉತ್ತರ. ಚಳಿಗಾಲದಲ್ಲಿ ಕರಡಿ ಮಲಗುವಂತೆ ದೀರ್ಘಕಾಲ ನಿದ್ರಿಸುತ್ತ, ಆಗಾಗ ಎದ್ದು ಯೋಚಿಸುತ್ತ, ಇರುವ ಚೂರು ಶಕ್ತಿಯಲ್ಲೇ ಬುದ್ಧಿಯುಳ್ಳ ಜೀವ ಕೊನೆಯಿಲ್ಲದೆ ಸಾಗಬಹುದು. ಆ ಲೆಕ್ಕಕ್ಕೆ ಒಂದು ಷರತ್ತಿತ್ತು: ಹಿಗ್ಗುವಿಕೆ ನಿಧಾನವಾಗುತ್ತ ಹೋಗಬೇಕು.

ಮಂಕಾಗಿ ಕಂಡ ಸೂಪರ್‌ನೋವಾ

ಹಿಗ್ಗುವಿಕೆ ಎಷ್ಟು ನಿಧಾನವಾಗುತ್ತಿದೆ ಎಂದು ಅಳೆಯಲು 1990ರ ದಶಕದಲ್ಲಿ ಎರಡು ತಂಡಗಳು ಪೈಪೋಟಿಗೆ ಬಿದ್ದವು. ಸೆಫೀಡ್‌ಗಳಿಗಿಂತ ಬಹು ದೂರದವರೆಗೆ ಕಾಣುವ ದೀಪ ಅವರಿಗೆ ಬೇಕಿತ್ತು. ಆ ದೀಪದ ಹಿಂದೆ ಭಾರತೀಯ ಹೆಸರೊಂದಿದೆ. 1930ರಲ್ಲಿ ಬೊಂಬಾಯಿಯಿಂದ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟಿದ್ದ 19 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್, ಉರಿದು ಮುಗಿದ ‘ಶ್ವೇತಕುಬ್ಜ’ ನಕ್ಷತ್ರದ ತೂಕಕ್ಕೆ ಒಂದು ಮಿತಿ ಇದೆಯೆಂದು ಲೆಕ್ಕ ಹಾಕಿದರು. ಸೂರ್ಯನ ಸುಮಾರು 1.4 ಪಟ್ಟು, ಅದೇ ಚಂದ್ರಶೇಖರ್ ಮಿತಿ. ಐದು ವರ್ಷಗಳ ನಂತರ ಇದನ್ನು ತುಂಬಿದ ಸಭೆಯಲ್ಲಿ ಅಲ್ಲಗಳೆದವರು ಐನ್‌ಸ್ಟೀನರ ನಿಶ್ಚಲ ವಿಶ್ವವನ್ನು ಕೆಡವಿದ ಎಡಿಂಗ್‌ಟನ್ ಅವರೇ. ಚಂದ್ರಶೇಖರ್‌ಗೆ ನೊಬೆಲ್ ಬಂದದ್ದು 1983ರಲ್ಲಿ.

ಜೊತೆಗಾರ ನಕ್ಷತ್ರದಿಂದ ದ್ರವ್ಯ ಸೆಳೆದುಕೊಳ್ಳುತ್ತ ಶ್ವೇತಕುಬ್ಜವೊಂದು ಈ ಮಿತಿಯ ಸಮೀಪ ಬಂದಾಗ ಸ್ಫೋಟಗೊಳ್ಳುತ್ತದೆ. ಇಂಥ ಸೂಪರ್‌ನೋವಾಗಳ ಬೆಳಕು ಹೆಚ್ಚುಕಡಿಮೆ ಒಂದೇ ಪ್ರಮಾಣದ್ದು, ಕೋಟ್ಯಂತರ ಜ್ಯೋತಿರ್ವರ್ಷ ದೂರಕ್ಕೂ ಕಾಣುವಂಥದ್ದು. ಸಾಲ್ ಪರ್ಲ್‌ಮಟರ್ ಅವರ ತಂಡ ಇಂಥ 42 ಸೂಪರ್‌ನೋವಾಗಳನ್ನು ಅಳೆಯಿತು. ಬ್ರಯನ್ ಶ್ಮಿಟ್ ಮತ್ತು ಆಡಂ ರೀಸ್ ಅವರ ತಂಡ ಬೇರೆಯಾಗಿ ಅಳೆಯಿತು. 1998ರಲ್ಲಿ ಎರಡೂ ತಂಡಗಳು ಒಂದೇ ಸುದ್ದಿ ಹೇಳಿದವು. ದೂರದ ಸೂಪರ್‌ನೋವಾಗಳು ಇರಬೇಕಾದುದಕ್ಕಿಂತ ಮಂಕಾಗಿದ್ದವು, ಅಂದರೆ ಹೆಚ್ಚು ದೂರದಲ್ಲಿದ್ದವು. ವಿಶ್ವ ನಿಧಾನವಾಗುತ್ತಿಲ್ಲ, ಅದರ ಹಿಗ್ಗುವಿಕೆ ಜೋರಾಗುತ್ತಿದೆ! ಎಸೆದ ಕಲ್ಲು ಮೇಲೆ ಹೋದಂತೆಲ್ಲ ವೇಗ ಹೆಚ್ಚಿಸಿಕೊಂಡಂತೆ. ಮೂವರಿಗೂ 2011ರಲ್ಲಿ ನೊಬೆಲ್ ಬಂತು.

ಯಾವುದು ಹೀಗೆ ತಳ್ಳುತ್ತಿದೆ? ವಿಜ್ಞಾನಿಗಳು 67 ವರ್ಷಗಳ ಹಿಂದೆ ಅಳಿಸಿದ್ದ ಲ್ಯಾಂಬ್ಡಾವನ್ನು ಮತ್ತೆ ಬರೆದರು. ಆ ತಳ್ಳುವ ಗುಣಕ್ಕೆ ಈಗಿನ ಹೆಸರು ‘ಡಾರ್ಕ್ ಎನರ್ಜಿ’, ಎಂದರೆ ಕಪ್ಪು ಶಕ್ತಿ. ಇಂದಿನ ಲೆಕ್ಕದಂತೆ ವಿಶ್ವದ ಒಟ್ಟು ಮೊತ್ತದಲ್ಲಿ ಇದರ ಪಾಲು ಶೇ 68ರಷ್ಟು. ಕಣ್ಣಿಗೆ ಕಾಣದ ಕಪ್ಪು ದ್ರವ್ಯ ಶೇ 27. ನಕ್ಷತ್ರ, ಗ್ರಹ, ಗಿಡ, ಮನುಷ್ಯ ಎಲ್ಲ ಸೇರಿ ಉಳಿದ ಶೇ 5.

ಪಾನಕಕ್ಕೆ ನೀರು ಬೆರೆಸಿದಷ್ಟೂ ಸಿಹಿ ಕಡಿಮೆಯಾಗುತ್ತದೆ. ಹಾಗೆಯೇ ಜಾಗ ಹಿಗ್ಗಿದಷ್ಟೂ ದ್ರವ್ಯ ತೆಳುವಾಗಿ ಅದರ ಸೆಳೆತ ಕುಗ್ಗುತ್ತದೆ. ಲ್ಯಾಂಬ್ಡಾ ಹಾಗಲ್ಲ. ಅದು ಖಾಲಿ ಜಾಗದ್ದೇ ಗುಣವಾದ್ದರಿಂದ ಎಷ್ಟು ನೀರು ಬೆರೆಸಿದರೂ ರುಚಿ ಕೆಡದ ಪಾನಕದಂತೆ. ಮೊದಮೊದಲು ದ್ರವ್ಯದ ಸೆಳೆತ ಮೇಲುಗೈಯಾಗಿತ್ತು. ಸುಮಾರು 500-600 ಕೋಟಿ ವರ್ಷಗಳ ಹಿಂದೆ ತಕ್ಕಡಿ ತಿರುಗಿತು. ಆದರೆ ಖಾಲಿ ಜಾಗಕ್ಕೆ ಈ ಗುಣ ಏಕಿದೆ ಎಂಬುದಕ್ಕೆ ಉತ್ತರವಿಲ್ಲ. ಕಣವಿಜ್ಞಾನದ ನೇರ ಅಂದಾಜಿಗೂ ಅಳತೆಗೂ ನಡುವಣ ಅಂತರ 1ರ ಮುಂದೆ ಸುಮಾರು 120 ಸೊನ್ನೆ ಇಡುವಷ್ಟು.

ಒಂಟಿ ದ್ವೀಪ

ಲ್ಯಾಂಬ್ಡಾ ನಿಜಕ್ಕೂ ಸ್ಥಿರವಾಗಿದ್ದರೆ ಮುಂದಿನ ದಾರಿ ಸ್ಪಷ್ಟ. ಸುಮಾರು 500 ಕೋಟಿ ವರ್ಷಗಳ ನಂತರ ಸೂರ್ಯ ಉಬ್ಬಿ ಕೆಂಪು ದೈತ್ಯನಾಗುತ್ತದೆ; ಭೂಮಿ ಜೀವಿಗಳಿಗೆ ವಾಸಯೋಗ್ಯವಲ್ಲದ ಸ್ಥಿತಿ ಅದಕ್ಕಿಂತ ಬಹಳ ಮೊದಲೇ ಬರುತ್ತದೆ. ಆಂಡ್ರೊಮೀಡಾ ನಮ್ಮ ಆಕಾಶಗಂಗೆಯೊಡನೆ ಬೆರೆಯಬಹುದು. ಇದು ನಿಶ್ಚಿತವೆಂದು ಹಿಂದೆ ಹೇಳುತ್ತಿದ್ದರು. 2025ರ ಅಧ್ಯಯನವೊಂದು ಮುಂದಿನ 1000 ಕೋಟಿ ವರ್ಷಗಳಲ್ಲಿ ಅದರ ಸಾಧ್ಯತೆ ಅರ್ಧಕ್ಕರ್ಧ ಎಂದಿದೆ.

ನಿಜವಾದ ಬದಲಾವಣೆ ಆಮೇಲಿನದು. 10,000 ಕೋಟಿ ವರ್ಷಗಳು ದಾಟಿದ ಮೇಲೆ ನಮ್ಮ ನೆರೆಯ ಗುಂಪಿನ ಹೊರಗಿನ ಗೆಲಾಕ್ಸಿಗಳೆಲ್ಲ ಒಂದೊಂದಾಗಿ ಕಣ್ಮರೆಯಾಗುತ್ತವೆ. ಅವುಗಳ ಬೆಳಕು ಹಿಗ್ಗುವ ಜಾಗವನ್ನು ದಾಟಿ ಇಲ್ಲಿಗೆ ತಲುಪಲಾರದು. ಮಹಾಸ್ಫೋಟದ ಬಿಸಿಯ ಉಳಿಕೆಯೂ ಅಳತೆಗೆ ಸಿಗದಷ್ಟು ಕ್ಷೀಣವಾಗುತ್ತದೆ. ಆಗ ಖಗೋಳಜ್ಞರು ಇದ್ದರೆ ಅವರಿಗೆ ಏನು ಕಂಡೀತು? 2007ರಲ್ಲಿ ಲಾರೆನ್ಸ್ ಕ್ರಾಸ್ ಮತ್ತು ರಾಬರ್ಟ್ ಶೆರರ್ ಈ ಪ್ರಶ್ನೆ ಕೇಳಿ ಉತ್ತರ ಹುಡುಕಿದರು. ಸುತ್ತ ಕತ್ತಲೆ, ನಡುವೆ ನಕ್ಷತ್ರಗಳ ಒಂದೇ ಒಂದು ದ್ವೀಪ. ವಿಶ್ವ ಎಂದರೆ ಇಷ್ಟೇ, ಅದು ಅಲುಗುತ್ತಿಲ್ಲ ಎಂದೇ ಅವರು ತಿಳಿಯುತ್ತಾರೆ. 1917ರಲ್ಲಿ ಮನುಷ್ಯ ನಂಬಿದ್ದು ಹೆಚ್ಚುಕಡಿಮೆ ಇದನ್ನೇ. ಅಂದು ಅದು ತಪ್ಪೆಂದು ತೋರಿಸಲು ಆಂಡ್ರೊಮೀಡಾದಾಚೆಗಿನ ಗೆಲಾಕ್ಸಿಗಳಿದ್ದವು. ಮುಂದೆ ಸಾಕ್ಷಿ ಹೇಳಲು ಒಂದೂ ಉಳಿದಿರುವುದಿಲ್ಲ.

1ರ ಮುಂದೆ 14 ಸೊನ್ನೆಗಳಷ್ಟು ವರ್ಷಗಳಾಗುವ ಹೊತ್ತಿಗೆ ಹೊಸ ನಕ್ಷತ್ರ ಹುಟ್ಟಲು ಅನಿಲ ಇರುವುದಿಲ್ಲ. ಕೊನೆಗೆ ಉಳಿಯುವ ಕಪ್ಪು ಕುಳಿಗಳೂ ಸ್ಟೀಫನ್ ಹಾಕಿಂಗ್ 1974ರಲ್ಲಿ ತೋರಿಸಿದಂತೆ ನಿಧಾನವಾಗಿ ಆವಿಯಾಗಿ ಹೋಗುತ್ತವೆ. ದೊಡ್ಡವಕ್ಕೆ ಹಿಡಿಯುವ ಕಾಲ 1ರ ಮುಂದೆ ಸುಮಾರು 100 ಸೊನ್ನೆಗಳಷ್ಟು ವರ್ಷ. ಡೈಸನ್ ಅವರ ನಿದ್ರಿಸುವ ಜೀವಕ್ಕೂ ಇಲ್ಲಿ ನೆಲೆಯಿಲ್ಲ. ಹಿಗ್ಗುವಿಕೆ ಜೋರಾಗುತ್ತಿರುವ ವಿಶ್ವದಲ್ಲಿ ಅವರ ಷರತ್ತು ಈಡೇರುವುದಿಲ್ಲ. ಲ್ಯಾಂಬ್ಡಾ ಬಲಗೊಳ್ಳುತ್ತ ಹೋದರೆ ಗೆಲಾಕ್ಸಿಗಳೂ ಪರಮಾಣುಗಳೂ ಹರಿದು ಹಂಚಿಹೋಗುವ ಅಂತ್ಯವನ್ನೂ 2003ರಲ್ಲಿ ಕೆಲವರು ಲೆಕ್ಕ ಹಾಕಿದ್ದಾರೆ.

ಮತ್ತೆ ಅನುಮಾನ

ಇತ್ತೀಚಿನ ಅಳತೆಗಳು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಬೊಟ್ಟು ಮಾಡಿವೆ. ಅರಿಜೋನಾದ ಕಿಟ್ ಪೀಕ್ ಬೆಟ್ಟದ ದೂರದರ್ಶಕಕ್ಕೆ ‘ಡೆಸಿ’ ಎಂಬ ಉಪಕರಣವನ್ನು ಜೋಡಿಸಲಾಗಿದೆ. ಅದು ಒಂದೇ ಬಾರಿಗೆ 5000 ಆಕಾಶಕಾಯಗಳ ರೋಹಿತ ಹಿಡಿಯಬಲ್ಲದು. ಹ್ಯೂಮಸನ್ ರಾತ್ರಿಗಟ್ಟಲೆ ಕುಳಿತು ಪಡೆದದ್ದು ಅದಕ್ಕೆ ನಿಮಿಷಗಳ ಕೆಲಸ. 2024ರಲ್ಲಿ ಅದರ ಮೊದಲ ಫಲಿತಾಂಶ ಬಂತು. 2025ರ ಮಾರ್ಚ್‌ನಲ್ಲಿ ಸುಮಾರು 1.5 ಕೋಟಿ ಗೆಲಾಕ್ಸಿ ಮತ್ತು ಕ್ವೇಸಾರ್‌ಗಳ ನಕ್ಷೆಯೊಂದಿಗೆ ಎರಡನೆಯ ಫಲಿತಾಂಶ ಬಂತು. ಇತರ ಅಳತೆಗಳೊಡನೆ ಸೇರಿಸಿ ನೋಡಿದಾಗ ಕಪ್ಪು ಶಕ್ತಿ ಸ್ಥಿರವಾಗಿಲ್ಲ, ಕಾಲಕ್ರಮದಲ್ಲಿ ಕ್ಷೀಣಿಸುತ್ತಿರಬಹುದು ಎಂಬ ಸುಳಿವು ಕಾಣುತ್ತದೆ. ಸಂಶೋಧನೆ ಎಂದು ಘೋಷಿಸಲು ಬೇಕಾದ ಖಚಿತತೆಯನ್ನು ಆ ಸುಳಿವು ಇನ್ನೂ ಮುಟ್ಟಿಲ್ಲ.

ಇದು ನಿಜವಾದರೆ ವಿಶ್ವದ ಭವಿಷ್ಯದ ಪುಟವನ್ನು ಮತ್ತೆ ಬರೆಯಬೇಕಾಗುತ್ತದೆ. ತಳ್ಳುವಿಕೆ ಪೂರ್ಣ ಅಡಗಿದರೆ ಹಿಗ್ಗುವಿಕೆ ನಿಧಾನವಾದೀತು. ಡೈಸನ್ ಲೆಕ್ಕವನ್ನು ಹೊರತೆಗೆದು ನೋಡಬೇಕಾದೀತು. ಅದು ತಿರುಗಿ ಸೆಳೆತವಾದರೆ ಫ್ರೀಡ್‌ಮನ್ 1922ರಲ್ಲಿ ಬರೆದ ಕುಗ್ಗುವಿಕೆಯೂ ಲೆಕ್ಕಕ್ಕೆ ಬಂದೀತು. ಹಿಗ್ಗುವಿಕೆಯ ಇಂದಿನ ದರದಲ್ಲೇ ಒಮ್ಮತವಿಲ್ಲ. ಮಹಾಸ್ಫೋಟದ ಉಳಿಕೆಯಿಂದ ಲೆಕ್ಕ ಹಾಕಿದರೆ ಅದು 67, ಸೆಫೀಡ್ ಮತ್ತು ಸೂಪರ್‌ನೋವಾಗಳಿಂದ ಅಳೆದರೆ 73. ಅಂದರೆ ಪ್ರತಿ 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಸೆಕೆಂಡಿಗೆ ಅಷ್ಟು ಕಿ.ಮೀ. ವೇಗ ಏರುತ್ತದೆ. ಎರಡೂ ಅಳತೆಗಳು ಎಚ್ಚರದಿಂದ ಮಾಡಿದವು. ಎರಡೂ ಒಟ್ಟಿಗೆ ಸರಿಯಾಗಿರಲಾರವು.

ಈ ವ್ಯಾಜ್ಯದ ತೀರ್ಪಿಗೆ ಹೊಸ ಸಾಕ್ಷಿಗಳು ಸಿದ್ಧವಾಗಿವೆ. 2023ರ ಜುಲೈಯಲ್ಲಿ ಹಾರಿದ ಯೂರೋಪಿನ ‘ಯೂಕ್ಲಿಡ್’ ದೂರದರ್ಶಕ ಬಾಹ್ಯಾಕಾಶದಿಂದ ಗೆಲಾಕ್ಸಿಗಳ ನಕ್ಷೆ ತೆಗೆಯುತ್ತಿದೆ. ಚಿಲಿ ದೇಶದ ಬೆಟ್ಟದ ಮೇಲಿನ ವೆರಾ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ಬಿಡುಗಡೆ ಮಾಡಿದೆ. ಕೆಲಸ ಮಾತ್ರ ಲೆವಿಟ್ ಗಾಜಿನ ಫಲಕದ ಮೇಲೆ ಬಾಗಿ ಮಾಡುತ್ತಿದ್ದದ್ದೇ: ಯಾವ ದೀಪ ಎಷ್ಟು ಮಂಕು, ಎಷ್ಟು ದೂರ ಎಂದು ಬರೆದುಕೊಳ್ಳುವುದು. ದೂರದ ದೀಪಗಳು ಇನ್ನೂ ಕಾಣುತ್ತಿರುವ ಕಾಲ ಇದು. ಲ್ಯಾಂಬ್ಡಾ ಉಳಿಯುತ್ತದೋ, ಬದಲಾಗುತ್ತದೋ, ಎರಡನೆಯ ಬಾರಿ ಅಳಿಸಿಹೋಗುತ್ತದೋ ಎಂಬುದು ಆ ಲೆಕ್ಕದಿಂದಲೇ ತಿಳಿಯಬೇಕು.